ಜಗದಕ್ಕನ ಹಡಗಿನ ಪಂಕ್ತಿ

ಪಾಲುಪತ್ರದಲ್ಲಿ ಏನೇನು ಬರೆಸುತ್ತಾರೆ? ತೋಟ, ಗದ್ದೆ, ಕಣ, ಸ್ಟೋರು, ಕೆರೆಯ ನೀರು ವಾರದಲ್ಲಿ ಯಾರಿಗೆ ಎಷ್ಟು ದಿನ. ಇಷ್ಟು ಎಲ್ಲರ ಪತ್ರದಲ್ಲೂ ಇರುವಂಥದ್ದೇ. ಆದರೆ ಆಲೂರಿನಿಂದ ಗುಡ್ಡದ ಕಡೆ ಏರಿದರೆ ಸಿಗುವ ಕಲ್ಲುಗದ್ದೆಯಲ್ಲಿ, ದೇವೀರಪ್ಪ ಮತ್ತು ರಾಜಶೇಖರ ಎಂಬ ಅಣ್ಣತಮ್ಮಂದಿರ ಪಾಲುಪತ್ರದ ಕೊನೆಯ ಪುಟದಲ್ಲಿ ಒಬ್ಬ ಹೆಂಗಸೂ ಇದ್ದಾಳೆ. ‘ಸಹೋದರಿ ಜಗದಾಂಬ, ಯುಗಾದಿಯಿಂದ ದೀಪಾವಳಿವರೆಗೆ ಹಿರಿಯವನ ಮನೆ, ದೀಪಾವಳಿಯಿಂದ ಯುಗಾದಿವರೆಗೆ ಕಿರಿಯವನ ಮನೆ.’ ಹಾಗೆ ಬರೆಸಿದವರು ಊರಿನ ಹಿರಿಯರು. ಅವರಿಗೆ ಅದು ಒಳ್ಳೆಯ ನ್ಯಾಯವೆಂದೇ ಕಂಡಿತ್ತು.

ಊರಿಗೆಲ್ಲ ಅವಳು ಜಗದಕ್ಕ. ಇಬ್ಬರು ತಮ್ಮಂದಿರಿಗೂ ದೊಡ್ಡವಳು. ಹದಿನೆಂಟಕ್ಕೆ ಮದುವೆಯಾಗಿ ಇಪ್ಪತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬಂದ ಮರುವರ್ಷವೇ ತಾಯಿ ತೀರಿಕೊಂಡರು. ರಾಜಶೇಖರ ಆಗಿನ್ನೂ ಚಡ್ಡಿ ಹಾಕುವ ಹುಡುಗ, ಅವಳ ಸೆರಗು ಹಿಡಿದೇ ನಿದ್ದೆ ಮಾಡುತ್ತಿದ್ದ. ಅಂಥವರಿಬ್ಬರೂ ಬೆಳೆದು, ಮದುವೆಯಾಗಿ, ಮಕ್ಕಳಾಗಿ, ಸುಖವಾಗಿದ್ದಾರೆ ಎನ್ನುವಾಗ ತೊಂಬತ್ತನೇ ಇಸವಿಯ ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಹಾಯಿಸುವ ಪಂಪು ಇವತ್ತು ಯಾರದ್ದು ಎಂದು ಮಾತು ಬೆಳೆಯಿತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಪಂಪಿನ ಮಾತು ತೋಟಕ್ಕೆ ಹೋಯಿತು, ತೋಟದ ಮಾತು ಹೆಂಡತಿಯರಿಗೆ ಹೋಯಿತು. ಕೊನೆಗೆ ಇಬ್ಬರೂ ಮಠದ ಗದ್ದುಗೆ ಮುಟ್ಟಿ, ‘ಇನ್ನು ನಿನ್ನ ಮನೆಯಲ್ಲಿ ಒಂದು ತೊಟ್ಟು ನೀರು ಕುಡಿಯಲ್ಲ’ ಎಂದು ಆಣೆ ಇಟ್ಟು ಬಂದರು. ಬರುವಾಗ ದಾರಿಯೂ ಬೇರೆ ಬೇರೆಯಾಗಿತ್ತು.

ಹಿರಿಯವನು ಹಳೆಯ ಮನೆಯಲ್ಲೇ ಉಳಿದ. ಕಿರಿಯವನು ಗದ್ದೆಯ ಆಚೆ ಬದಿಗೆ ತಾರಸಿ ಮನೆ ಕಟ್ಟಿಸಿದ. ಈ ಮನೆಯ ಒಗ್ಗರಣೆ ಆ ಮನೆಗೆ ಘಮ್ಮೆನ್ನುವಷ್ಟೇ ದೂರ. ಜಗದಕ್ಕ ವರ್ಷಕ್ಕೆ ಎರಡು ಸಲ ತನ್ನ ತಗಡಿನ ಪೆಟ್ಟಿಗೆ ಕಟ್ಟುತ್ತಿದ್ದಳು. ಈ ಮನೆಯ ಆಳು ಜವರಯ್ಯ ಅದನ್ನು ಗದ್ದೆಯ ನಡುವಿನ ಬದುವಿನವರೆಗೆ ಹೊತ್ತು ತಂದು ಇಳಿಸಿ ಹೋಗುತ್ತಿದ್ದ. ಆ ಮನೆಯ ಆಳು ಬಂದು ಎತ್ತಿಕೊಳ್ಳುವವರೆಗೆ ಅವಳು ಪೆಟ್ಟಿಗೆಯ ಪಕ್ಕ ಬದುವಿನ ಮೇಲೆ ನಿಂತಿರಬೇಕಿತ್ತು. ಒಮ್ಮೊಮ್ಮೆ ಅರ್ಧ ಗಂಟೆ, ಒಂದೊಂದು ಸಲ ಒಂದು ಗಂಟೆ.

ಊಟಕ್ಕೆ ಬಟ್ಟೆಗೆ ಎರಡು ಮನೆಯಲ್ಲೂ ಕೊರತೆ ಇರಲಿಲ್ಲ, ಸುಳ್ಳು ಹೇಳಬಾರದು. ಕೊರತೆ ಮಾತಿಗೆ. ಈ ಮನೆಯಲ್ಲಿ ಆ ಮನೆಯ ಹೆಸರೆತ್ತುವಂತಿಲ್ಲ, ಆ ಮನೆಯಲ್ಲಿ ಈ ಮನೆಯ ಸುದ್ದಿ ಆಡುವಂತಿಲ್ಲ. ಕಿರಿಯವನ ಮಗಳು ಚೈತ್ರ ಎಸ್ಸೆಸ್ಸೆಲ್ಸಿಯಲ್ಲಿ ಊರಿಗೇ ಮೊದಲು ಬಂದ ದಿನ ಜಗದಕ್ಕ ಹಿರಿಯವನ ಮನೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಆಳುಗಳ ಬಾಯಿಂದ ಸುದ್ದಿ ಕಿವಿಗೆ ಬಿತ್ತು. ಯಾರ ಹತ್ತಿರ ಹೇಳಿಕೊಂಡು ಕುಣಿಯಬೇಕು? ಮೊರ ಹಿಡಿದುಕೊಂಡು ಹಿತ್ತಿಲಿಗೆ ಹೋಗಿ ಒಬ್ಬಳೇ ಅತ್ತಳು, ಸಂತೋಷಕ್ಕೆ. ಹೀಗೆ ಎಂಟು ವರ್ಷ ಕಳೆಯಿತು. ಅವಳಿಗೆ ಬೇಕಿದ್ದದ್ದು ಬಹಳವೇನಲ್ಲ. ತಮ್ಮಂದಿರು ಒಂದು ಸಲ ಒಂದು ಪಂಕ್ತಿಯಲ್ಲಿ ಕೂತು ಉಣ್ಣಬೇಕು; ಆಮೇಲೆ ತಾನು ಒಂದೇ ಮನೆಯ ಒಂದು ಮೂಲೆಯಲ್ಲಿ, ಯಾವ ಮನೆಯಾದರೂ ಸರಿ, ಪೆಟ್ಟಿಗೆ ಬಿಚ್ಚಿ ಇಟ್ಟು ಸಾಯುವವರೆಗೆ ಇದ್ದುಬಿಡಬೇಕು.

ಮದುವೆ ಮನೆಗಳಲ್ಲಿ ಪ್ರಯತ್ನ ಮಾಡಿ ನೋಡಿದ್ದಳು. ಒಬ್ಬ ಮೊದಲ ಪಂಕ್ತಿಗೆ ಕೂತರೆ ಇನ್ನೊಬ್ಬ ಕೊನೆಯ ಪಂಕ್ತಿಗೆ. ಒಂದು ಸಲ ಉಪಾಯವಾಗಿ ಒಂದೇ ಸಾಲಿನಲ್ಲಿ ಕೂರಿಸಿದರೆ, ದೇವೀರಪ್ಪ ಎಲೆಗೆ ಉಪ್ಪು ಬೀಳುವ ಮೊದಲೇ ಎದ್ದು, ಜೀಪು ಹತ್ತಿ ಮನೆಗೆ ಹೋಗಿಬಿಟ್ಟ.

ತೊಂಬತ್ತೆಂಟರ ಜನವರಿಯಲ್ಲಿ ಜಗದಕ್ಕ ಕಣ್ಣು ತೋರಿಸಲು ಹಾಸನಕ್ಕೆ ಹೋದಳು. ಕಣ್ಣಿಗೆ ಔಷಧದ ಹನಿ ಬಿಟ್ಟು, ಒಂದು ಗಂಟೆ ಬಿಟ್ಟು ಬನ್ನಿ ಎಂದರು. ಮಂಜು ಮಂಜಾದ ಕಣ್ಣಿನಲ್ಲಿ ಮೆಟ್ಟಿಲಿಳಿದು, ಕೆಳಗಿದ್ದ ಟ್ರಾವೆಲ್ಸ್ ಆಫೀಸಿನ ಕುರ್ಚಿಯಲ್ಲಿ ಕೂತಳು. ಎದುರು ಗೋಡೆಯಲ್ಲಿ ಏನೋ ದೊಡ್ಡದೊಂದು ಬೆಳ್ಳಗೆ ಕಾಣುತ್ತಿತ್ತು. ಮೇಜಿನ ಹಿಂದೆ ಕೂತಿದ್ದ ಬಿಂದುಶ್ರೀ ಎಂಬ ಹುಡುಗಿಯನ್ನು ಕೇಳಿದಳು.

“ಅದೇನವ್ವ ಅದು, ಮನೆ ತರ ಕಾಣ್ತದೆ?”

“ಹಡಗಮ್ಮ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುತ್ತೆ. ಐದು ದಿನ. ಹಗಲು ದ್ವೀಪ ನೋಡೋದು, ರಾತ್ರಿ ಹಡಗಲ್ಲೇ ಊಟ, ಹಡಗಲ್ಲೇ ನಿದ್ದೆ.”

ಜಗದಕ್ಕ ಕಣ್ಣು ಕಿರಿದು ಮಾಡಿ ಗೋಡೆಯ ಆ ಬಿಳುಪನ್ನು ಇನ್ನೊಮ್ಮೆ ನೋಡಿದಳು. “ಮಧ್ಯದಾಗೆ ಯಾರಾದ್ರೂ ಕ್ವಾಪ ಮಾಡ್ಕೊಂಡು ಮನೆಗೆ ಹೋಗ್ತೀನಿ ಅಂತ ಎದ್ರೆ?”

ಹುಡುಗಿ ನಕ್ಕಳು. “ಎಲ್ಲಿಗಮ್ಮ ಹೋಗ್ತಾರೆ? ಸುತ್ತ ಸಮುದ್ರ.”

ಅಷ್ಟು ಸಾಕಾಯಿತು. ಕಣ್ಣಿನ ಡಾಕ್ಟರು ಎರಡು ಸಲ ಕರೆಸಿದ ಮೇಲೆ ಮೇಲಕ್ಕೆ ಹೋದಳು. ಹಡಗು ಎಂದರೆ ಹಿರಿಯವನ ಮನೆಯೂ ಅಲ್ಲ, ಕಿರಿಯವನ ಮನೆಯೂ ಅಲ್ಲ; ಅಲ್ಲಿ ನೀರು ಕುಡಿದರೆ ಯಾವ ಆಣೆಯೂ ಮುರಿಯುವುದಿಲ್ಲ ಎಂದು ಬಸ್ಸಿನಲ್ಲಿ ಆಲೂರು ಬರುವವರೆಗೂ ಲೆಕ್ಕ ಹಾಕುತ್ತಾ ಬಂದಳು.

ಅಲ್ಲಿಂದ ಶುರುವಾಯಿತು ಅವಳ ಹಾಸನದ ಓಡಾಟ. ಮನೆಯವರಿಗೆ ಹೇಳುವುದು ಕಣ್ಣಿನ ಆಸ್ಪತ್ರೆ, ಹೋಗುವುದು ಟ್ರಾವೆಲ್ಸ್ ಆಫೀಸು. ಮೊದಲನೆಯ ತಕರಾರು ದಿನದ್ದು. ಕಾಫಿಯವರಿಗೆ ಒಂದಿಷ್ಟು ಬಿಡುವಿರುವುದು ಮಳೆಗಾಲದಲ್ಲಿ. ಹಡಗಿನವರು ರಜೆ ಹಾಕುವುದೂ ಮಳೆಗಾಲದಲ್ಲೇ. ದೀಪಾವಳಿ ಕಳೆದರೆ ಹಣ್ಣು ಕೊಯ್ಲು, ಆಮೇಲೆ ಕಣದಲ್ಲಿ ಒಣಗಿಸುವುದು, ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬೀಳುತ್ತೋ ಎಂದು ಆಕಾಶ ನೋಡುವುದು. ಹೂಮಳೆ ಬಿದ್ದು, ಅದರ ಬೆನ್ನಿಗೊಂದು ಮಳೆಯೂ ಬಂದ ಮೇಲೆ, ಮುಂಗಾರು ಹಿಡಿಯುವುದರೊಳಗೆ ಇರುವುದು ಹದಿನೈದೋ ಇಪ್ಪತ್ತೋ ದಿನ. ಜಗದಕ್ಕ ಬೆರಳು ಮಡಚಿ ಎಣಿಸಿ ಮೇ ತಿಂಗಳ ಮೊದಲ ವಾರ ಎಂದಳು. ಬಿಂದುಶ್ರೀ ಪಟ್ಟಿ ನೋಡಿದರೆ ಆ ವಾರ ಒಂದು ಹಡಗು ಇತ್ತು.

ಎರಡನೆಯದು ಊಟ. ಜಗದಕ್ಕನದು ಲಿಂಗ ಕಟ್ಟಿದ ಮನೆ. ಮೊಟ್ಟೆಯ ವಾಸನೆಯೂ ಆಗದು.

“ಮೀನು ಬೇಯ್ಸಿದ ಪಾತ್ರೆಲೇ ನಮ್ಗೂ ಬೇಯಿಸ್ತಾರಾ? ಸೌಟು ಬೇರೆ ಇರ್ತದಾ? ಬೆಳಿಗ್ಗೆ ಪೂಜೆಗೆ ಸಿಹಿನೀರು ಸಿಕ್ತದಾ, ಉಪ್ಪುನೀರಾ?”

ಬಿಂದುಶ್ರೀ ತಾಳ್ಮೆಯ ಹುಡುಗಿ. ಎಲ್ಲ ಬರೆದುಕೊಂಡು ಕೊಚ್ಚಿಗೆ ಫೋನು ಮಾಡಿದಳು. ಸಿಹಿನೀರು ಸಿಗುತ್ತದೆ, ಬೆಳಿಗ್ಗೆ ಇಡ್ಲಿಯೋ ಅಕ್ಕಿಹಿಟ್ಟಿನ ಪುಟ್ಟೋ ಇರುತ್ತದೆ, ಮಧ್ಯಾಹ್ನದ ಊಟ ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ ಕೆಂಪಕ್ಕಿ ಅನ್ನ, ಸಾಂಬಾರು, ಪಲ್ಯ, ಮೊಸರು. ಮಾಂಸ ತಿನ್ನದವರು ಕಡಿಮೆ ಇರುವುದರಿಂದ ಅವರಿಗೆಲ್ಲ ಸೇರಿಸಿ ಮೂಲೆಯಲ್ಲಿ ಒಂದೇ ಮೇಜು ಹಾಕುತ್ತಾರೆ.

ಜಗದಕ್ಕ ಕುರ್ಚಿಯ ತುದಿಗೆ ಬಂದಳು. “ಒಂದೇ ಮೇಜಾ? ಬೇರೆ ಬೇರೆ ಟಿಕೀಟು ಮಾಡ್ಸಿದೋರ್ಗೂ?”

“ಹೌದಮ್ಮ. ಯಾಕೆ?”

ಎಂಟು ವರ್ಷದಲ್ಲಿ ಯಾರಿಗೂ ಹೇಳದಿದ್ದದ್ದನ್ನು ಅವತ್ತು ಜಗದಕ್ಕ ಆ ಹುಡುಗಿಗೆ ಹೇಳಿದಳು. ಹೇಳುತ್ತಾ ಹೇಳುತ್ತಾ ತನಗೆ ಇಂಥದನ್ನು ಹೇಳಿಕೊಳ್ಳಲು ಊರಲ್ಲಿ ಒಂದು ನರಪಿಳ್ಳೆಯೂ ಇಲ್ಲವಲ್ಲ ಎಂದು ಅವಳಿಗೇ ಅನ್ನಿಸಿತು. ಬಿಂದುಶ್ರೀ ಎದ್ದು ಹೋಗಿ ಪಕ್ಕದ ಹೋಟೆಲಿನಿಂದ ಕಾಫಿ ತಂದಳು. ಆಮೇಲೆ ಇಬ್ಬರೂ ಸೇರಿ ಸಂಚು ಹೂಡಿದರು. ಎರಡು ಬುಕಿಂಗು, ಹಡಗಿನ ಎರಡು ತುದಿಯಲ್ಲಿ ಎರಡು ಕುಟುಂಬದ ಕೋಣೆ. ಎರಡು ಫಾರಮ್ಮಿನಲ್ಲೂ ಶುದ್ಧ ಸಸ್ಯಾಹಾರ ಎಂಬಲ್ಲಿ ಗುರುತು. ದ್ವೀಪ ಸುತ್ತುವ ದಿನ ಗಾಜಿನ ತಳದ ದೋಣಿಯೊಂದು ಇರುತ್ತದೆ, ಹತ್ತು ಜನ ಕೂರಬಹುದು, ಕೂತಲ್ಲೇ ಕೆಳಗೆ ಹವಳ, ಮೀನು ಎಲ್ಲ ಕಾಣುತ್ತದೆ. ಅದರಲ್ಲಿ ಎರಡೂ ಕುಟುಂಬದ ಎಂಟು ಜನರ ಹೆಸರನ್ನು ಒಂದೇ ಸರದಿಗೆ ಬರೆಸಿದರು. ದೀಪಸ್ತಂಭ ಹತ್ತುವುದು ಬೇಡ, ಮೆಟ್ಟಿಲು ಜಾಸ್ತಿ, ದೇವೀರಪ್ಪನಿಗೆ ಮಂಡಿನೋವು ಎಂದು ಜಗದಕ್ಕ ಅದನ್ನು ಹೊಡೆಸಿ ಹಾಕಿದಳು.

ಖರ್ಚಿಗೆ ಅವಳ ಪಾಲಿಗೆ ಬಿಟ್ಟಿದ್ದ ಮೆಣಸಿನ ಬಳ್ಳಿಗಳಿದ್ದವು. ಮೆಣಸಿಗೆ ಆಗ ಚಿನ್ನದ ಬೆಲೆ.

ರಾಜಶೇಖರನನ್ನು ಒಪ್ಪಿಸಿದ್ದು ಶಿವರಾತ್ರಿಯ ಮಾರನೆಯ ದಿನ, ಅವನ ಮನೆಯಲ್ಲಿ. “ಸಾಯೋದ್ರೊಳಗೆ ಸಮುದ್ರದ ಮ್ಯಾಲೆ ಒಂದು ಸಲ ಹೋಗ್ಬೇಕು ಕಣೋ. ನಿನ್ನ ಹೆಂಡ್ತಿ ಮಕ್ಕಳನ್ನೂ ಕರ್ಕೊಂಡು ಬಾ. ನಾನು ಹಡಗಲ್ಲೇ ಸಿಗ್ತೀನಿ.” ಯುಗಾದಿಗೆ ಪೆಟ್ಟಿಗೆ ಬದು ದಾಟಿದ ಮೇಲೆ, ಬೇವುಬೆಲ್ಲ ಕೈಗೆ ಹಾಕುತ್ತಾ ದೇವೀರಪ್ಪನಿಗೂ ಅದೇ ಆಸೆ ಹೇಳಿದಳು. ಇನ್ನೊಬ್ಬ ಬರುತ್ತಾನೆ ಎಂದು ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಆ ಹೆಸರನ್ನೇ ಎತ್ತಬಾರದು ಎಂದ ಮೇಲೆ ಸುಳ್ಳು ಹೇಳುವ ಪ್ರಮೇಯವೇ ಇರಲಿಲ್ಲ. ಇಬ್ಬರೂ ತಲೆ ಕೆರೆದುಕೊಂಡು, ಕೊನೆಗೆ ಹೂಂ ಎಂದರು. ಲಕ್ಷದ್ವೀಪಕ್ಕೆ ಹೋಗಲು ಪೊಲೀಸರ ಕಾಗದ ಬೇಕು ಎಂದು ಬಿಂದುಶ್ರೀ ಎರಡೂ ಅರ್ಜಿಗಳನ್ನು ಒಟ್ಟಿಗೇ ಠಾಣೆಗೆ ಕಳಿಸಿದಳು. ಆಗಲಾದರೂ ಜಗದಕ್ಕನಿಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಹೊರಡುವ ವಾರ ಜಗದಕ್ಕನಿಗೆ ಅನ್ನ ಸೇರಲಿಲ್ಲ. ಶೇಂಗಾ ಚಟ್ನಿಪುಡಿ ಕುಟ್ಟಿದಳು, ಮಿಡಿ ಉಪ್ಪಿನಕಾಯಿ ಶೀಶೆಗೆ ತುಂಬಿದಳು, ಎಂಟು ಜನಕ್ಕೆ ಐದು ದಿನಕ್ಕಾಗುವಷ್ಟು. ಅದನ್ನು ನೋಡಿ ದೇವೀರಪ್ಪನ ಹೆಂಡತಿ ಗಂಗಮ್ಮ, “ನಾಲ್ಕು ಜನಕ್ಕೆ ಇಷ್ಟ್ಯಾಕೆ ಅತ್ತಿಗೆ?” ಎಂದದ್ದಕ್ಕೆ, “ಸಮುದ್ರದ ಗಾಳಿಗೆ ಹೊಟ್ಟೆ ಹಸಿತದಂತೆ” ಎಂದಳು. ದೇವೀರಪ್ಪ, ಗಂಗಮ್ಮ ಮತ್ತು ಅವರ ಮಗನ ಜೊತೆ ಮಾರನಹಳ್ಳಿಯ ಮೇಲೆ ಶಿರಾಡಿ ಘಾಟಿ ಇಳಿದು ಮಂಗಳೂರಿನಲ್ಲಿ ರೈಲು ಹತ್ತುವಾಗ, ಇನ್ನೊಂದು ಕುಟುಂಬ ಇದೇ ರೈಲಿನಲ್ಲಿ ಎಲ್ಲಾದರೂ ಎದುರಾಗಿಬಿಟ್ಟರೆ ಎಂದು ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಮಾರನೆಯ ದಿನ ಸಂಜೆ ಕೊಚ್ಚಿಯಿಂದ ಹಡಗು ಹೊರಟಿತು. ದಡ ಕಾಣದಂತಾದ ಮೇಲೆ ಊಟದ ಗಂಟೆ ಹೊಡೆಯಿತು. ಜಗದಕ್ಕ ಲಿಂಗವನ್ನು ಕಣ್ಣಿಗೊತ್ತಿಕೊಂಡು, ದೇವೀರಪ್ಪನ ಹಿಂದೆ ಹಿಂದೆ ಊಟದ ಕೋಣೆಗೆ ಬಂದಳು. ಮೂಲೆಯ ಉದ್ದನೆಯ ಮೇಜಿನಲ್ಲಿ ರಾಜಶೇಖರ, ಅವನ ಹೆಂಡತಿ ತನುಜಾ, ಇಬ್ಬರು ಹೆಣ್ಣುಮಕ್ಕಳು ಆಗಲೇ ಕೂತಿದ್ದರು.

ದೇವೀರಪ್ಪ ನಿಂತ. “ಬಂದ್ಯಾ?” ಎಂದ.

“ಬಂದೆ ಅಣ್ಣ. ಕೂತ್ಕೊ, ಫ್ಯಾನಿನ ಕೆಳಗಿನ ಸೀಟು ನಿಂಗೆ ಬುಟ್ಟಿದೀನಿ.”

ಅಷ್ಟೇ. ದೇವೀರಪ್ಪ ಕೂತ. ಗಂಗಮ್ಮ ತನುಜಾಳ ಪಕ್ಕ ಕೂತಳು. ಜಗದಕ್ಕ ಮಾತ್ರ ನಿಂತೇ ಇದ್ದಳು, ಬಾಯಿ ತೆರೆದುಕೊಂಡು.

“ನಿಮ್ಗೆ ಗೊತ್ತಿತ್ತಾ?”

ರಾಜಶೇಖರ ನಕ್ಕ. “ಪೊಲೀಸ್ ಹುಚ್ಚಣ್ಣ ಕಾಗದ ಹಿಡ್ಕೊಂಡು ನಮ್ಮನೆಗೆ ಬಂದಿದ್ದ. ಅಣ್ಣಾರ ಮನೇಲಿ ಈಗ ತಾನೇ ಕಾಫಿ ಕುಡ್ಕೊಂಡು ಬಂದೆ, ಅವ್ರೂ ಹೊರಟವ್ರೆ ಅಂದ. ಅಕ್ಕ ಇಷ್ಟು ಕಷ್ಟ ಪಡ್ತಾವಳೆ, ಪಡ್ಲಿ ಅಂತ ಸುಮ್ನಾದೆ.”

“ನಂಗೂ ಅವ್ನೇ ಹೇಳಿದ್ದು,” ಎಂದ ದೇವೀರಪ್ಪ. ಆಮೇಲೆ ತಟ್ಟೆ ನೋಡುತ್ತಾ, “ಎಷ್ಟು ದಿನ ಅಂತ ಹಿಂಗೇ ಇರೋದು” ಎಂದ.

ಜಗದಕ್ಕ ಉಪ್ಪಿನಕಾಯಿ ಶೀಶೆ ತೆಗೆದಳು. ಎಂಟು ತಟ್ಟೆಗೂ ಒಂದೊಂದು ಮಿಡಿ ಹಾಕಿಕೊಂಡು ಹೋದಳು. ಬಡಿಸುವ ಹುಡುಗ ಬೇಡ ಕೂತ್ಕೊಳ್ಳಿ ಎಂದು ಮಲಯಾಳದಲ್ಲಿ ಹೇಳಿದರೂ ಕೇಳಲಿಲ್ಲ. ಕೆಂಪಕ್ಕಿಯ ಅನ್ನ ದಪ್ಪ ದಪ್ಪ, ಸಾಂಬಾರಿನಲ್ಲಿ ತೆಂಗಿನೆಣ್ಣೆಯ ವಾಸನೆ. ಅವಳ ಜೀವಮಾನದಲ್ಲಿ ಅಷ್ಟು ರುಚಿಯ ಊಟ ಅವಳು ಉಂಡಿರಲಿಲ್ಲ.

ಎರಡನೆಯ ದಿನ ಇನ್ನೂ ಚೆಂದ. ಹಡಗು ದೂರದಲ್ಲೇ ನಿಂತು, ಸಣ್ಣ ದೋಣಿಗೆ ಇಳಿಯಬೇಕಾಗಿತ್ತು. ದೋಣಿ ಮೇಲೆ ಕೆಳಗೆ ಹಾರುತ್ತಿತ್ತು. ದೇವೀರಪ್ಪ ಮಂಡಿ ಹಿಡಿದುಕೊಂಡು ಹಿಂಜರಿದಾಗ ರಾಜಶೇಖರ ಮೊದಲು ಇಳಿದು ಎರಡು ಕೈ ಚಾಚಿ, “ಬಾ ಅಣ್ಣ, ನಾನಿದೀನಿ” ಎಂದು ಎತ್ತಿ ಇಳಿಸಿಕೊಂಡ. ಗಾಜಿನ ದೋಣಿಯಲ್ಲಿ ಎಲ್ಲರೂ ಬಗ್ಗಿ ಹವಳ ನೋಡುತ್ತಿದ್ದರೆ ಜಗದಕ್ಕ ತಲೆ ಎತ್ತಿ, ಅಕ್ಕಪಕ್ಕ ಬಗ್ಗಿದ್ದ ಎರಡು ಬೋಳುತಲೆಗಳನ್ನೇ ನೋಡುತ್ತಾ ಕೂತಿದ್ದಳು. ತೆಂಗಿನ ಮರದ ಕೆಳಗೆ ಎಳನೀರು ಕುಡಿಯುವಾಗ ಇಬ್ಬರೂ ಪಂಪಿನ ಜಗಳ ನೆನೆಸಿಕೊಂಡು ನಕ್ಕರು. ಕಣ ಮತ್ತೆ ಒಟ್ಟಿಗೇ ಬಳಸೋಣ ಎಂದರು. ವಾಪಸ್ಸು ಹೋದ ಮೇಲೆ ಮಠಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಆಣೆ ಬಿಡಿಸಿಕೊಳ್ಳೋಣ ಎಂದೂ ಆಯಿತು.

ಅವತ್ತೆಲ್ಲ ಜಗದಕ್ಕ ಒಂದು ಮಾತನ್ನು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದಳು. ಇನ್ನು ನಾನು ಒಂದೇ ಕಡೆ ಇರ್ತೀನಿ ಕಣ್ರಪ್ಪ, ನೀವಿಬ್ಬರೂ ಸೇರಿ ಯಾವ ಮನೆ ಅಂದ್ರೆ ಆ ಮನೆ. ಮೂರನೆಯ ರಾತ್ರಿ ಊಟಕ್ಕೆ ಕೂತಾಗ ಹೇಳುವುದೆಂದು ತೀರ್ಮಾನಿಸಿದಳು. ಹೇಳಲು ಬಾಯಿ ತೆರೆದಿದ್ದಳು ಕೂಡ. ಅಷ್ಟರಲ್ಲಿ ದೇವೀರಪ್ಪ ನೀರು ಕುಡಿದು ಲೋಟ ಕೆಳಗಿಟ್ಟ.

“ಅಕ್ಕನ ವಿಷ್ಯ ಒಂದೈತೆ ಕಣೋ ರಾಜು. ಅವ್ಳಿಗೂ ಅರವತ್ತು ಹತ್ರ ಬಂತು. ಪೆಟ್ಟಿಗೆ ಹೊರಿಸ್ಕೊಂಡು ಅತ್ಲಾಗೆ ಇತ್ಲಾಗೆ ಓಡಾಡೋದು ಸಾಕು.”

ಜಗದಕ್ಕನ ಎದೆ ತುಂಬಿ ಬಂತು. ನಾನು ಕೇಳುವ ಮೊದಲೇ ನನ್ನ ತಮ್ಮ ತಿಳಿದುಕೊಂಡನಲ್ಲ ಎಂದು.

“ನಾನೂ ಅದನ್ನೇ ಅಂದ್ಕೊಂಡಿದ್ದೆ ಅಣ್ಣ,” ಎಂದ ರಾಜಶೇಖರ. “ಆಲೂರಲ್ಲಿ ಆಸ್ಪತ್ರೆ ಹತ್ರ ಒಂದು ಮನೆ ಬಾಡಿಗೆಗೈತೆ. ಪುಟ್ಟದು, ಚೆನ್ನಾಗೈತೆ. ನಲ್ಲಿ ನೀರು ಬರ್ತದೆ. ಬಸ್ ಸ್ಟ್ಯಾಂಡಿಗೂ ಹತ್ರ.”

“ನೋಡಿದೀಯಾ ಆಗಲೇ?”

“ಹೋದ ವರ್ಷನೇ ನೋಡಿದ್ದೆ. ನೀನು ಇಟ್ಕೊಂಡಿದೀಯ, ನಾನು ಕಳಿಸಿಬುಟ್ರೆ ಊರೋರು ಏನಂತಾರೆ ಅಂತ ಸುಮ್ನಿದ್ದೆ.”

ದೇವೀರಪ್ಪ ಮೇಜು ತಟ್ಟಿ ನಕ್ಕ. “ನಂದೂ ಅದೇ ಕಥೆ ಮಾರಾಯ. ತಮ್ಮನೇ ಇಟ್ಕೊಂಡವ್ನೆ, ಹಿರಿಯ ಆಗಿ ನಾನ್ಯಾಕೆ ಬುಡ್ಲಿ ಅಂತ. ನೋಡು, ಮಾತಾಡ್ದೆ ಇದ್ರೆ ಹೆಂಗಾಗ್ತದೆ.”

ಗಂಗಮ್ಮನೂ ತನುಜಾಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಎಂಟು ವರ್ಷದಲ್ಲಿ ಆ ಇಬ್ಬರೂ ಹೆಂಗಸರು ಒಟ್ಟಿಗೆ ನಕ್ಕದ್ದು ಅದೇ ಮೊದಲು. ತನುಜಾ ಜಗದಕ್ಕನ ಕೈ ಹಿಡಿದು, “ನಿಮ್ಗೆ ನಿಮ್ಮದೇ ಅಂತ ಒಂದು ಮನೆ ಅತ್ತಿಗೆ. ಯಾರ ಹಂಗೂ ಇಲ್ಲ. ಟೀವಿನೂ ಹಾಕ್ಸೋಣ” ಎಂದಳು. ಅವಳ ದನಿಯಲ್ಲಿ ಕೆಡುಕಿರಲಿಲ್ಲ, ಯಾರ ದನಿಯಲ್ಲೂ ಇರಲಿಲ್ಲ. ಅದೇ ದೊಡ್ಡ ಕಷ್ಟವಾಯಿತು. ಬೈದಿದ್ದರೆ ಅಳಬಹುದಿತ್ತು. ಇಷ್ಟು ವರ್ಷ ತಾನು ಎರಡು ಮನೆಗೆ ಬೇಕಾದವಳು ಎಂದುಕೊಂಡಿದ್ದಳು. ಬೇಕಾಗಿದ್ದದ್ದು ಜಗಳಕ್ಕೆ ಎಂದು ಅವಳಿಗೆ ಆ ಮೇಜಿನಲ್ಲಿ ಗೊತ್ತಾಯಿತು. ಆ ಜಗಳವನ್ನು ತನ್ನ ಕೈಯಾರೆ ತೀರಿಸಿದ್ದಳು.

“ಏನಕ್ಕ, ಸುಮ್ನಾದೆ?” ಎಂದ ದೇವೀರಪ್ಪ.

“ಏನಿಲ್ಲ ಕಣಪ್ಪ. ಆಯ್ತು. ಒಳ್ಳೇದೇ ಆಯ್ತು,” ಎಂದಳು. ಊಟ ಬಿಟ್ಟರೆ ಅವರಿಗೆ ಗೊತ್ತಾಗಿಬಿಡುತ್ತದೆ ಎಂದು ಬಡಿಸುವ ಹುಡುಗನನ್ನು ಕರೆದು ಇನ್ನೊಂದು ಸಲ ಅನ್ನ ಹಾಕಿಸಿಕೊಂಡಳು. ಅದನ್ನು ಮೊಸರಿನಲ್ಲಿ ಕಲಸಿ ಪೂರ್ತಿ ಉಂಡಳು.

ಜೂನಿನಲ್ಲಿ ಆಲೂರಿನ ಮನೆಗೆ ಹಾಲು ಉಕ್ಕಿಸಿದರು. ಎರಡೂ ಮನೆಯವರು ಒಂದೇ ಜೀಪಿನಲ್ಲಿ ಬಂದಿದ್ದರು. ಟೀವಿ ಬಂತು, ಗ್ಯಾಸು ಬಂತು. ಮನೆ ನಿಜಕ್ಕೂ ಪುಟ್ಟದು, ಚೆನ್ನಾಗಿಯೇ ಇದೆ. ಈಗ ತಮ್ಮಂದಿರು ಮಂಗಳವಾರ ಮಂಗಳವಾರ ಬ್ಯಾಂಕಿನ ಕೆಲಸಕ್ಕೆ ಆಲೂರಿಗೆ ಬಂದಾಗ ಒಟ್ಟಿಗೇ ಬಂದು ಅಕ್ಕನನ್ನು ನೋಡಿಕೊಂಡು ಹೋಗುತ್ತಾರೆ. ತಪ್ಪಿಸುವುದಿಲ್ಲ, ಒಳ್ಳೆಯ ಹುಡುಗರು. ಅವಳು ಸೋಮವಾರವೇ ತರಕಾರಿ ತಂದಿಟ್ಟು, ಮಂಗಳವಾರ ಬೆಳಿಗ್ಗೆ ಪೂಜೆ ಮುಗಿಸಿದವಳೇ ಮೂರು ಜನಕ್ಕಾಗುವಷ್ಟು ಅಡಿಗೆ ಮಾಡಿಟ್ಟಿರುತ್ತಾಳೆ. ಅವರು ಹತ್ತು ನಿಮಿಷ ಕೂತು, ಕಾಫಿ ಕುಡಿದು, ತೋಟದ ಮಾತು ಆಡಿಕೊಂಡು ಏಳುತ್ತಾರೆ.

“ಉಂಡ್ಕೊಂಡು ಹೋಗ್ರೋ,” ಎನ್ನುತ್ತಾಳೆ ಜಗದಕ್ಕ.

“ಬ್ಯಾಡ ಕಣಕ್ಕ, ಮನೇಲಿ ಅಡಿಗೆ ಆಗಿರ್ತದೆ,” ಎಂದು ಇಬ್ಬರೂ ಹೇಳಿ ಜೀಪು ಹತ್ತುತ್ತಾರೆ.